‘ಹೌಸ್ ಆಫ್ ದ ರೈಸಿಂಗ್ ಸನ್’ ಹಾಡು ಯಾರದು? ನಮ್ಮ ಬ್ಯಾಂಡ್ ಅದನ್ನು ಹಾಡಿ ಹಾಕಬಹುದೇ?

ಪ್ರಶ್ನೆ: ನಾವು ಧಾರವಾಡದ ಐವರು ಕಾಲೇಜು ವಿದ್ಯಾರ್ಥಿಗಳು ಸೇರಿ ಒಂದು ಬ್ಯಾಂಡ್ ಕಟ್ಟಿಕೊಂಡಿದ್ದೇವೆ. ಆ್ಯನಿಮಲ್ಸ್ ತಂಡದ ‘ದ ಹೌಸ್ ಆಫ್ ದ ರೈಸಿಂಗ್ ಸನ್’ ಹಾಡನ್ನು ನಮ್ಮ ರೀತಿಯಲ್ಲಿ ಹಾಡಿ ಯೂಟ್ಯೂಬ್ ಮತ್ತು ಸ್ಪಾಟಿಫೈಗೆ ಹಾಕಬೇಕೆಂದಿದ್ದೇವೆ. ಕೊನೆಯ ಚರಣವನ್ನು ಕನ್ನಡದಲ್ಲಿ ಹಾಡುವ ಆಸೆಯೂ ಇದೆ. ‘ಅದು ಜಾನಪದ, ಯಾರ ಅಪ್ಪಣೆಯೂ ಬೇಡ’ ಎನ್ನುತ್ತಾನೆ ಒಬ್ಬ ಗೆಳೆಯ. ‘ಬಾಬ್ ಡಿಲನ್ ಬರೆದದ್ದು, ಕೇಸ್ ಆಗುತ್ತೆ’ ಎನ್ನುತ್ತಾನೆ ಇನ್ನೊಬ್ಬ. ಇಂಟರ್ನೆಟ್ಟಿನಿಂದ ಇಳಿಸಿಕೊಂಡ ಕರೋಕೆ ಟ್ರ್ಯಾಕಿನ ಮೇಲೆ ಹಾಡಿ ಹಾಕಿದ ಅಭ್ಯಾಸದ ವಿಡಿಯೊಗೆ ಆಗಲೇ ಕಾಪಿರೈಟ್ ಕ್ಲೇಮ್ ಬಂದಿದೆ. ನಮ್ಮಲ್ಲಿ ಹಾಡುವವಳು ಹುಡುಗಿ, ಹಿಂದೂಸ್ತಾನಿ ಕಲಿತವಳು. ಹುಡುಗನ ಹಾಡನ್ನು ತಾನು ಹೇಗೆ ಹಾಡುವುದು ಎಂದು ಕೇಳುತ್ತಾಳೆ, ನಡುವೆ ಒಂದು ಕಡೆ ಸ್ವರ ತಪ್ಪಿದಂತಾಗುತ್ತದೆ ಎಂದೂ ಹೇಳುತ್ತಾಳೆ. ಎಷ್ಟು ಅಭ್ಯಾಸ ಮಾಡಿದರೂ ಮೂಲದ ಬಿಗಿ ಬರುತ್ತಿಲ್ಲ. ಏನು ಮಾಡಬೇಕು?

ಉತ್ತರ: ನಿಮ್ಮ ಮೊದಲ ಗೆಳೆಯ ಹೇಳಿದ್ದು ಮುಕ್ಕಾಲು ಸರಿ, ಎರಡನೆಯವನು ಹೇಳಿದ್ದು ಪೂರ್ತಿ ತಪ್ಪು. ಆದರೆ ನಿಮಗೆ ತೊಂದರೆ ಕೊಟ್ಟಿರುವುದು ಇವೆರಡೂ ಅಲ್ಲ, ಆ ಕರೋಕೆ ಟ್ರ್ಯಾಕು. ಯಾಕೆಂದು ತಿಳಿಯಬೇಕಾದರೆ ಮೊದಲು ಈ ಹಾಡು ಎಲ್ಲಿಂದ ಬಂತು ಎಂದು ನೋಡಬೇಕು.

ಇದನ್ನು ಬರೆದವರು ಯಾರೆಂದು ಯಾರಿಗೂ ತಿಳಿಯದು. ಅಮೆರಿಕದ ದಕ್ಷಿಣದ ಬೆಟ್ಟಸೀಮೆಯಲ್ಲಿ ಬಾಯಿಂದ ಬಾಯಿಗೆ ಹರಿದು ಬಂದ ಹಾಡು ಇದು. ನಮಗೆ ಸಿಗುವ ಅತಿ ಹಳೆಯ ಧ್ವನಿಮುದ್ರಣ 1933ರದು. ಕ್ಲಾರೆನ್ಸ್ ಆಶ್ಲಿ ಮತ್ತು ಗ್ವೆನ್ ಫಾಸ್ಟರ್ ಅದನ್ನು ‘ರೈಸಿಂಗ್ ಸನ್ ಬ್ಲೂಸ್’ ಎಂಬ ಹೆಸರಿನಲ್ಲಿ ಹಾಡಿದರು. 1937ರಲ್ಲಿ ಜಾನಪದ ಸಂಗ್ರಾಹಕ ಅಲನ್ ಲೋಮ್ಯಾಕ್ಸ್ ಕೆಂಟಕಿಯ ಮಿಡಲ್ಸ್‌ಬರೊ ಊರಿನಲ್ಲಿ ಗಣಿ ಕಾರ್ಮಿಕನ ಮಗಳು, 16 ವರ್ಷದ ಜಾರ್ಜಿಯಾ ಟರ್ನರ್ ಹಾಡಿದ್ದನ್ನು ದಾಖಲಿಸಿಕೊಂಡರು. 1941ರಲ್ಲಿ ಅದು ಅವರ ಸಂಗ್ರಹದಲ್ಲಿ ಅಚ್ಚಾಯಿತು. ಆಮೇಲೆ ವುಡಿ ಗಥ್ರಿ, ಲೆಡ್ ಬೆಲ್ಲಿ, ಜಾಶ್ ವೈಟ್ ಹಾಡಿದರು. 1960ರಲ್ಲಿ ಜೋನ್ ಬಯೆಜ್ ತಮ್ಮ ಮೊದಲ ಆಲ್ಬಮ್ಮಿನಲ್ಲೂ, 1962ರಲ್ಲಿ ಡಿಲನ್ ತಮ್ಮ ಮೊದಲ ಆಲ್ಬಮ್ಮಿನಲ್ಲೂ ಹಾಡಿದರು. ಡಿಲನ್ ಬಳಸಿದ್ದು ನ್ಯೂಯಾರ್ಕಿನ ಗಾಯಕ ಡೇವ್ ವ್ಯಾನ್ ರಾಂಕ್ ಹೊಂದಿಸಿಕೊಂಡಿದ್ದ ಕಾರ್ಡುಗಳನ್ನು (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳನ್ನು), ಅದೂ ಸರಿಯಾಗಿ ಅಪ್ಪಣೆ ಕೇಳದೆ. ಆಮೇಲೆ ವ್ಯಾನ್ ರಾಂಕ್ ಹಾಡಿದರೆ ಜನ ‘ಡಿಲನ್ನಿಂದ ಕದ್ದದ್ದು’ ಎಂದರು. ಆ್ಯನಿಮಲ್ಸ್ ಹಾಡು ಹಿಟ್ ಆದ ಮೇಲೆ ಅದೇ ಮಾತು ಡಿಲನ್ನರ ಪಾಲಿಗೂ ಬಂತು. ಇಬ್ಬರೂ ಅದನ್ನು ಹಾಡುವುದನ್ನೇ ಬಿಟ್ಟರು ಎಂದು ವ್ಯಾನ್ ರಾಂಕ್ ಹೇಳಿದ್ದಾರೆ.

ಇನ್ನು ನೀವು ಕೇಳಿ ಬೆಳೆದ ಹಾಡು. ಇಂಗ್ಲೆಂಡಿನ ನ್ಯೂಕ್ಯಾಸಲ್ ಊರಿನ ಆ್ಯನಿಮಲ್ಸ್ ತಂಡದ ಐವರು ಚಕ್ ಬೆರಿ ಜೊತೆ ಪ್ರವಾಸದಲ್ಲಿದ್ದಾಗ, 1964ರ ಮೇ 18ರಂದು ಲಂಡನ್ನಿನ ಸಣ್ಣ ಸ್ಟುಡಿಯೊ ಒಂದರಲ್ಲಿ ಒಂದೇ ಟೇಕಿನಲ್ಲಿ ಮುಗಿಸಿದ್ದು ಅದು. ಗಾಯನ ಎರಿಕ್ ಬರ್ಡನ್, ಗಿಟಾರ್ ಹಿಲ್ಟನ್ ವ್ಯಾಲೆಂಟೈನ್, ಆರ್ಗನ್ ಅಲನ್ ಪ್ರೈಸ್, ಬೇಸ್ ಚಾಸ್ ಚಾಂಡ್ಲರ್, ಡ್ರಮ್ಸ್ ಜಾನ್ ಸ್ಟೀಲ್. ಹಾಡಿನ ಉದ್ದ ಸುಮಾರು ನಾಲ್ಕೂವರೆ ನಿಮಿಷ. ಆಗಿನ ರೇಡಿಯೊಗೆ ಅದು ಅತಿಯಾಯಿತು, ಹಾಗಾಗಿ ಅಮೆರಿಕದ ಸಿಂಗಲ್ ರೆಕಾರ್ಡಿಗೆ ಮೂರು ನಿಮಿಷದೊಳಗೆ ಕತ್ತರಿಸಿದರು. ಜುಲೈಯಲ್ಲಿ ಬ್ರಿಟನ್ನಿನಲ್ಲೂ ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲೂ ಮೊದಲ ಸ್ಥಾನಕ್ಕೇರಿತು. ರೆಕಾರ್ಡಿನ ಲೇಬಲ್ ಮೇಲೆ ‘ಸಾಂಪ್ರದಾಯಿಕ, ಹೊಂದಿಕೆ (ಅರೇಂಜ್‌ಮೆಂಟ್): ಅಲನ್ ಪ್ರೈಸ್’ ಎಂದಷ್ಟೇ ಅಚ್ಚಾಯಿತು. ಐದು ಹೆಸರಿಗೆ ಲೇಬಲ್ಲಿನಲ್ಲಿ ಜಾಗವಿಲ್ಲವೆಂದು ಒಂದೇ ಹೆಸರು ಹಾಕಿದರಂತೆ. ರಾಯಲ್ಟಿಯೂ ಆ ಒಂದೇ ಹೆಸರಿಗೆ ಹೋಯಿತು, ತಂಡದಲ್ಲಿ ಅದು ದಶಕಗಳ ಕಹಿಯಾಗಿ ಉಳಿಯಿತು. ಇದರ ಬಗ್ಗೆ ಮುಂದೆ ಹೇಳುತ್ತೇನೆ, ನಿಮಗೂ ಸಂಬಂಧವಿದೆ.

ಹಾಗಾದರೆ ಇಲ್ಲಿ ಮೂರು ಬೇರೆ ಬೇರೆ ಸೊತ್ತುಗಳಿವೆ. ಹಳೆಯ ಪದ ಮತ್ತು ಧಾಟಿ ಒಂದು: ಇದು ಯಾರದೂ ಅಲ್ಲ, ಎಲ್ಲರದು. ಪ್ರೈಸ್ ಹೆಸರಿನ ಹೊಂದಿಕೆ ಇನ್ನೊಂದು: ಅದರಲ್ಲಿ ಅವರು ಹೊಸದಾಗಿ ಸೇರಿಸಿದ ಭಾಗಕ್ಕೆ ಮಾತ್ರ ಹಕ್ಕು, ನಮ್ಮ ಕಾನೂನಿನ ಲೆಕ್ಕದಲ್ಲಿ ಅದು ಅವರ ಜೀವಿತಾವಧಿ ಮತ್ತು ಆಮೇಲೆ 60 ವರ್ಷ. ಮೂರನೆಯದು 1964ರ ಧ್ವನಿಮುದ್ರಣ. ಭಾರತದಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷ, ಅಂದರೆ 2024ರ ಕೊನೆಗೆ ಮುಗಿಯಿತು. ಇದನ್ನು ಕೇಳಿ ಮೂಲದ ಆರ್ಗನ್ ತುಂಡನ್ನೇ ಕತ್ತರಿಸಿ ಅಂಟಿಸಿಕೊಳ್ಳಲು ಹೊರಡಬೇಡಿ. ಬ್ರಿಟನ್ನಿನಲ್ಲಿ ಅವಧಿ 70 ವರ್ಷ, ಅಮೆರಿಕದಲ್ಲಿ ಆ ಕಾಲದ ರೆಕಾರ್ಡುಗಳಿಗೆ 2067ರ ವರೆಗೆ ರಕ್ಷಣೆ ಇದೆ. ನೀವು ಹಾಕುವ ವಿಡಿಯೊ ಧಾರವಾಡದಲ್ಲಿ ಮಾತ್ರ ಕಾಣುವುದಿಲ್ಲವಲ್ಲ.

ನಿಮ್ಮ ಕರೋಕೆ ಟ್ರ್ಯಾಕು ನಾಲ್ಕನೆಯ ಸೊತ್ತು. ಹಾಡು ಎಷ್ಟೇ ಹಳೆಯದಾಗಿರಲಿ, ಆ ಟ್ರ್ಯಾಕನ್ನು ಯಾರೋ ಈಚೆಗೆ ನುಡಿಸಿ ಮುದ್ರಿಸಿರುತ್ತಾರೆ, ಅದರ ಬೆರಳಚ್ಚು ಯೂಟ್ಯೂಬಿನ ಕಂಟೆಂಟ್ ಐಡಿ ವ್ಯವಸ್ಥೆಯಲ್ಲಿ ದಾಖಲಾಗಿರುತ್ತದೆ. ನಿಮ್ಮ ವಿಡಿಯೊ ಏರಿದ ಕೂಡಲೇ ಯಂತ್ರ ಹಿಡಿಯಿತು. ವಿವರದಲ್ಲಿ ‘ಎಲ್ಲಾ ಹಕ್ಕು ಮೂಲದವರದು’ ಎಂದು ಬರೆದರೆ ಸಾಕು, 30 ಸೆಕೆಂಡಿನೊಳಗೆ ಬಳಸಿದರೆ ತೊಂದರೆಯಿಲ್ಲ, ದುಡ್ಡು ಮಾಡದಿದ್ದರೆ ತಪ್ಪಲ್ಲ ಎಂಬ ಮೂರು ಮಾತುಗಳು ಹುಡುಗರ ನಡುವೆ ಬಹಳ ಓಡಾಡುತ್ತವೆ. ಮೂರಕ್ಕೂ ಕಾನೂನಿನ ಆಧಾರವಿಲ್ಲ.

ಕವರ್ ಹಾಡಿಗೆ, ಅಂದರೆ ಬೇರೆಯವರ ಹಾಡನ್ನು ಮತ್ತೆ ಹಾಡಿ ಮುದ್ರಿಸುವುದಕ್ಕೆ, ನಮ್ಮ ಕಾಪಿರೈಟ್ ಕಾಯ್ದೆಯಲ್ಲಿ 31ಸಿ ಎಂಬ ಕಲಮು ಇದೆ, 2012ರ ತಿದ್ದುಪಡಿಯಲ್ಲಿ ಬಂದದ್ದು. ಹಾಡು ಮೊದಲು ಮುದ್ರಣವಾದ ವರ್ಷ ಮುಗಿದು ಐದು ಕ್ಯಾಲೆಂಡರ್ ವರ್ಷ ಕಳೆದಿರಬೇಕು, ಮೊದಲೇ ನೋಟಿಸ್ ಕೊಡಬೇಕು, ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ಲೆಕ್ಕದಲ್ಲಿ ರಾಯಲ್ಟಿ ಮುಂಗಡ ಕಟ್ಟಬೇಕು, ಹೊದಿಕೆಯ ಮೇಲೆ ಇದು ಕವರ್ ಎಂದು ಬರೆಯಬೇಕು, ತಾಂತ್ರಿಕವಾಗಿ ಅಗತ್ಯವಿಲ್ಲದೆ ಪದವನ್ನಾಗಲಿ ಸಂಗೀತವನ್ನಾಗಲಿ ಬದಲಿಸುವಂತಿಲ್ಲ. ಕ್ಯಾಸೆಟ್, ಸಿಡಿ ಕಂಪನಿಗಳನ್ನು ಕಣ್ಣ ಮುಂದಿಟ್ಟುಕೊಂಡು ಬರೆದ ನಿಯಮ ಇದೆಂದು ಓದಿದರೇ ತಿಳಿಯುತ್ತದೆ. ಐವರು ವಿದ್ಯಾರ್ಥಿಗಳಿಗೆ ಇದು ದಾರಿಯಲ್ಲ, ಸಾಂಪ್ರದಾಯಿಕ ಪದಧಾಟಿಗೆ ಇದರ ಅಗತ್ಯವೂ ಇಲ್ಲ. ಆದರೆ ಒಂದು ಮಾತು ನೆನಪಿರಲಿ: ನಾಳೆ ನೀವು ಹಕ್ಕು ಇರುವ ಬೇರೆ ರಾಕ್ ಹಾಡನ್ನು ಕನ್ನಡಕ್ಕೆ ತರಲು ಹೊರಟರೆ 31ಸಿ ನಿಮ್ಮನ್ನು ಕಾಪಾಡುವುದಿಲ್ಲ. ಅನುವಾದ ಬೇರೆಯೇ ಹಕ್ಕು, ಅದಕ್ಕೆ ಹಾಡಿನ ಒಡೆಯರ ಲಿಖಿತ ಒಪ್ಪಿಗೆ ಬೇಕು.

ಈಗ ನಿಮ್ಮ ಮುಂದಿರುವ ದಾರಿಗಳು. ಆ್ಯನಿಮಲ್ಸ್ ನುಡಿಸಿದ ಹಾಗೆಯೇ, ಆರ್ಗನ್ ಸೋಲೊವನ್ನೂ ಸ್ವರಸ್ವರಕ್ಕೆ ಇಳಿಸಿಕೊಂಡು ನುಡಿಸಬಹುದು. ಆಗ ಬರೆದವರ ಜಾಗದಲ್ಲಿ ‘ಸಾಂಪ್ರದಾಯಿಕ, ಹೊಂದಿಕೆ ಅಲನ್ ಪ್ರೈಸ್’ ಎಂದೇ ಹಾಕಿ. ಸ್ಪಾಟಿಫೈಗೆ ಕಳಿಸುವ ವಿತರಣಾ ಸೇವೆಯಲ್ಲಿ ಕವರ್ ಎಂದು ಗುರುತಿಸಿ, ಯೂಟ್ಯೂಬಿನಲ್ಲಿ ಪ್ರಕಾಶಕರ ಕ್ಲೇಮ್ ಬಂದು ಜಾಹೀರಾತಿನ ಹಣ ಅವರಿಗೆ ಹೋದರೆ ಹೋಗಲಿ ಎಂದುಕೊಳ್ಳಿ. ಇಲ್ಲವಾದರೆ ಹಳೆಯ ಧಾಟಿಗೆ ಹೋಗಿ ನಿಮ್ಮದೇ ಹೊಂದಿಕೆ ಕಟ್ಟಿ. ನನ್ನ ಸಲಹೆ ಎರಡನೆಯದು. ಹಣದ ಮಾತು ಬಿಡಿ, ಈ ಹಾಡಿನ ಬಾಳೇ ಹಾಗೆ ಬೆಳೆದದ್ದು. 1970ರಲ್ಲಿ ಡೆಟ್ರಾಯಿಟಿನ ಫ್ರಿಜಿಡ್ ಪಿಂಕ್ ತಂಡ ಗಿಟಾರನ್ನು ಕರ್ಕಶವಾಗಿ ಒಡೆಸಿ ನುಡಿಸಿ ಅಮೆರಿಕದ ಮೊದಲ ಹತ್ತರೊಳಗೆ ಬಂತು. ಫ್ರಾನ್ಸಿನಲ್ಲಿ ಜಾನಿ ಹಾಲಿಡೆ 1964ರಲ್ಲೇ ಮನೆಯನ್ನು ಸೆರೆಮನೆ ಮಾಡಿ ಫ್ರೆಂಚ್ ಪದಗಳಲ್ಲಿ ಹಾಡಿದರು. ಈ ಎರಡರಲ್ಲಿ ಯಾವುದೂ ಇನ್ನೊಂದರ ನಕಲಲ್ಲ. ಹಾಂ, ಆ ಫ್ರೆಂಚ್ ಪದಗಳಿಗೆ ಬರೆದವರಿದ್ದಾರೆ, ಅವನ್ನು ನೋಡಿ ಕನ್ನಡ ಮಾಡಬೇಡಿ. 1930ರ, 40ರ ದಶಕದ ಜಾನಪದ ಪಾಠವನ್ನೇ (ಹಾಡಿನ ಪದರೂಪವನ್ನೇ) ಎದುರಿಗಿಟ್ಟುಕೊಳ್ಳಿ.

ನಿಮ್ಮ ಗಾಯಕಿಗೆ ಹೇಳಿ: ಇದು ಬರೀ ಹುಡುಗನ ಹಾಡಾಗಿರಲಿಲ್ಲ. ಜಾರ್ಜಿಯಾ ಟರ್ನರ್ ಹಾಡಿದ್ದು ಹಾಳಾದ ಹೆಣ್ಣೊಬ್ಬಳ ಮಾತಾಗಿ, ತನ್ನ ತಂಗಿಗೆ ‘ನನ್ನ ಹಾಗೆ ಆಗಬೇಡ’ ಎಂದು ಹೇಳಿಕಳಿಸುವ ಹಾಡಾಗಿ. ಬಯೆಜ್ ಹಾಡಿದ್ದೂ ಹೆಣ್ಣಿನ ಮಾತಾಗಿಯೇ. ಡಿಲನ್ ಗಂಡಸಾಗಿದ್ದೂ ಹೆಣ್ಣಿನ ಪಾಠವನ್ನೇ ಉಳಿಸಿಕೊಂಡರು. ಆ್ಯನಿಮಲ್ಸ್ ಪಾಠದಲ್ಲಿ ಅದು ಹುಡುಗನ ಹಾಡಾಯಿತು, ಜೂಜುಕೋರ ಅಪ್ಪ ಮುಂದೆ ಬಂದ. 1980ರಲ್ಲಿ ಡಾಲಿ ಪಾರ್ಟನ್ ಅದನ್ನು ಮತ್ತೆ ಹೆಣ್ಣಿನ ಬಾಯಿಗೆ ಕೊಟ್ಟರು. ಆದ್ದರಿಂದ ನಿಮ್ಮವಳು ಹಾಡಿದರೆ ಹಾಡು ತವರಿಗೆ ಮರಳಿದಂತೆ. ನ್ಯೂ ಆರ್ಲಿಯನ್ಸಿನ ಆ ಮನೆ ವೇಶ್ಯಾಗೃಹವೋ, ಜೂಜುಕಟ್ಟೆಯೋ, ಸೆರೆಮನೆಯೋ ಎಂಬ ಚರ್ಚೆಗೆ ಕೊನೆಯಿಲ್ಲ. ಇಂಥದೇ ಮನೆ ಎಂದು ಸಾಬೀತಾದದ್ದು ಯಾವುದೂ ಇಲ್ಲ. ವಿಡಿಯೊ ವಿವರದಲ್ಲಿ ‘ನಿಜ ಘಟನೆ ಆಧಾರಿತ’ ಎಂದು ಬರೆಯುವ ಆಸೆಯನ್ನು ಬಿಟ್ಟುಬಿಡಿ.

ಸ್ವರ ತಪ್ಪಿದಂತಾಗುತ್ತದೆ ಎಂದಳಲ್ಲ, ಅವಳ ಕಿವಿ ಸರಿಯಾಗಿದೆ. ಹಾಡಿನ ಕಾರ್ಡುಗಳು ಎ ಮೈನರ್, ಸಿ, ಡಿ, ಎಫ್. ಮತ್ತೆ ಎ ಮೈನರ್, ಸಿ, ಇ, ಇ. ಮತ್ತೆ ಎ ಮೈನರ್, ಸಿ, ಡಿ, ಎಫ್. ಕೊನೆಗೆ ಎ ಮೈನರ್, ಇ, ಎ ಮೈನರ್, ಇ. ಎ ಸ್ವರವನ್ನು ಷಡ್ಜ ಮಾಡಿಕೊಂಡು ಹಾರ್ಮೋನಿಯಂ ಮೇಲೆ ನೋಡಿ. ಡಿ ಕಾರ್ಡಿನಲ್ಲಿ ಎಫ್ ಶಾರ್ಪ್ ಇದೆ, ಹಿಂದೂಸ್ತಾನಿ ಲೆಕ್ಕದಲ್ಲಿ ಶುದ್ಧ ಧೈವತ. ಅದರ ಬೆನ್ನಿಗೇ ಬರುವ ಎಫ್ ಕಾರ್ಡಿನಲ್ಲಿ ಕೋಮಲ ಧೈವತ. ಸಿ ಕಾರ್ಡಿನಲ್ಲಿ ಕೋಮಲ ನಿಷಾದ, ಇ ಕಾರ್ಡಿನಲ್ಲಿ ಶುದ್ಧ ನಿಷಾದ. ಅಂದರೆ ಡಿ ಬಂದಾಗ ಕಾಫಿ ಥಾಟಿನ ನೆಲ, ಎಫ್ ಬಂದಾಗ ಆಸಾವರಿ, ಇ ಬಂದಾಗ ಕೀರವಾಣಿ. ಒಂದೇ ರಾಗದಲ್ಲಿ ಕಟ್ಟಿ ಹಾಡಲು ಹೋದರೆ ಎಲ್ಲೋ ಒಂದು ಕಡೆ ಗಂಟಲಿಗೂ ಗಿಟಾರಿಗೂ ಜಗಳ ಆಗಲೇಬೇಕು. ಮೊದಲ ಕಾರ್ಡಿನಿಂದ ಎ, ಎರಡನೆಯದರಿಂದ ಜಿ, ಆಮೇಲೆ ಎಫ್ ಶಾರ್ಪ್, ಎಫ್, ಕೊನೆಗೆ ಇ ಎಂದು ಒಂದೊಂದೇ ಸ್ವರವನ್ನು ಆರಿಸಿ ನುಡಿಸಿ ನೋಡಿ: ಸಾ, ಕೋಮಲ ನಿ, ಶುದ್ಧ ಧ, ಕೋಮಲ ಧ, ಪ. ಹೀಗೆ ಮೆಟ್ಟಿಲಿಳಿಯುವ ಈ ಸಾಲೇ ಹಾಡಿನ ಅಷ್ಟೂ ದುಃಖವನ್ನು ಹೊತ್ತಿರುವುದು. ಗಾಯಕಿ ಈ ಐದು ಸ್ವರಗಳನ್ನು ತಾನ್‌ಪುರದ ಮೇಲೆ ಹತ್ತಾರು ಬಾರಿ ಹಾಡಿಕೊಂಡರೆ ಗೊಂದಲ ತೀರುತ್ತದೆ. ಆಮೇಲೆ ನಿಯಮ ಒಂದೇ: ಡಿ ನುಡಿಯುವಾಗ ಕೋಮಲ ಧೈವತದ ಮೇಲೆ ನಿಲ್ಲಬಾರದು, ಎಫ್ ನುಡಿಯುವಾಗ ಶುದ್ಧ ಧೈವತದ ಮೇಲೆ ನಿಲ್ಲಬಾರದು. ಎರಡರ ನಡುವೆ ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರುವುದು) ಎಳೆದರೆ ಬಲು ಚೆನ್ನಾಗಿ ಕೂಡುತ್ತದೆ, ಪಾಶ್ಚಾತ್ಯ ಗಾಯಕರಿಗೆ ಸುಲಭವಾಗಿ ಬಾರದ ಸೊಗಸು ಅದು.

ಶ್ರುತಿಯನ್ನೂ ಅವಳ ಗಂಟಲಿಗೆ ಹೊಂದಿಸಿ. ಈ ಧಾಟಿ ಕೆಳಗಿನಿಂದ ಹೊರಟು ತಟ್ಟನೆ ಮೇಲಿನ ಷಡ್ಜಕ್ಕೆ ಜಿಗಿಯುತ್ತದೆ, ಅಲ್ಲಿ ಕಿರುಚಿದರೂ ಕೆಡುತ್ತದೆ, ಸಪ್ಪೆಯಾದರೂ ಕೆಡುತ್ತದೆ. ಎ ಮೈನರ್ ಬೆರಳುಗಳನ್ನೇ ಇಟ್ಟುಕೊಂಡು ಗಿಟಾರಿಗೆ ಕ್ಯಾಪೊ (ತಂತಿಗಳನ್ನು ಒತ್ತಿಹಿಡಿಯುವ ಕ್ಲಿಪ್ಪು) ಹಾಕಿ: 3ನೇ ಫ್ರೆಟ್ಟಿನಲ್ಲಿ ಸಿ ಮೈನರ್, 5ನೆಯದರಲ್ಲಿ ಡಿ ಮೈನರ್, 7ನೆಯದರಲ್ಲಿ ಇ ಮೈನರ್ ಆಗುತ್ತದೆ. 5ರ ಮೇಲೆ ಹೋದರೆ ಗಿಟಾರಿನ ದನಿ ತೆಳ್ಳಗಾಗುವುದರಿಂದ ಕೆಳಗಿನ ಭಾರವನ್ನು ಬೇಸಿನವನು ಹೊರಬೇಕು.

ಬಿಗಿ ಬಾರದಿರಲು ಸಾಮಾನ್ಯವಾಗಿ ಕಾರಣ ತಾಳ. ಕೀಬೋರ್ಡಿನಲ್ಲಿ ಸಿದ್ಧವಾಗಿರುವ ನಾಲ್ಕರ ರಾಕ್ ಬೀಟ್ ಹಾಕಿದರೆ ಈ ಹಾಡು ಸತ್ತೇ ಹೋಗುತ್ತದೆ. ಇದು ಆರು-ಎಂಟರ ನಡೆ, ನಮ್ಮ ದಾದರಾದ ಹತ್ತಿರದ್ದು: ಆರು ಎಣಿಕೆ, ಒತ್ತು ಒಂದರ ಮೇಲೆ ಮತ್ತು ನಾಲ್ಕರ ಮೇಲೆ, ಆರು ಎಣಿಕೆಯ ಒಂದು ಬಾರ್‌ಗೆ (ಆವರ್ತಕ್ಕೆ) ಒಂದೇ ಕಾರ್ಡು. ಡ್ರಮ್ಮರ್ ಹೈ-ಹ್ಯಾಟಿನ ಮೇಲೆ ಆರನ್ನೂ ಎಣಿಸಲಿ, ಒಂದಕ್ಕೆ ಕಿಕ್, ನಾಲ್ಕಕ್ಕೆ ಸ್ನೇರ್. ಮೊದಲ ಎರಡು ಚರಣಕ್ಕೆ ಅಷ್ಟೇ ಸಾಕು. ಗಿಟಾರಿನ ಆರ್ಪೆಜಿಯೊ (ಕಾರ್ಡಿನ ಸ್ವರಗಳನ್ನು ಒಂದೊಂದಾಗಿ ನುಡಿಸುವುದು) ಸರಳ ರೂಪದಲ್ಲಿ ಹೀಗೆ: ಎ ಮೈನರ್ ಮತ್ತು ಸಿ ಕಾರ್ಡಿಗೆ ತಂತಿಗಳು 5-4-3-2-1-2, ಡಿ ಮತ್ತು ಎಫ್‌ಗೆ 4-3-2-1-2-3, ಇ ಕಾರ್ಡಿಗೆ 6-4-3-2-1-2. ಇಳಿಯುವಾಗ ಪಿಕ್ ಒಂದೇ ದಿಕ್ಕಿನಲ್ಲಿ ಜಾರಲಿ, ಹಿಂತಿರುಗುವ ಸ್ವರಕ್ಕೆ ಮೇಲ್ಮುಖದ ಹೊಡೆತ. ಹೆಚ್ಚಿನವರು ಎಡವುವುದು ಡಿಯಿಂದ ಎಫ್‌ಗೆ ಹೋಗುವಾಗ: ಪೂರ್ತಿ ಬ್ಯಾರೆ (ಒಂದೇ ಬೆರಳಿನಿಂದ ಆರೂ ತಂತಿ ಒತ್ತುವುದು) ಹಿಡಿಯಲು ಹೋಗಿ ಆರನೇ ಎಣಿಕೆ ನುಂಗಿಹೋಗುತ್ತದೆ, ಅದನ್ನು ಸರಿದೂಗಿಸಲು ಮುಂದಿನ ಬಾರ್ ಓಡುತ್ತದೆ. ಪೂರ್ತಿ ಬ್ಯಾರೆ ಬೇಡವೇ ಬೇಡ. 1 ಮತ್ತು 2ನೇ ತಂತಿಗೆ ಮಾತ್ರ ತೋರುಬೆರಳು ಅಡ್ಡ ಹಾಕಿ ನಾಲ್ಕು ತಂತಿಯ ಸಣ್ಣ ಎಫ್ ಹಿಡಿಯಿರಿ. ಆ ಎರಡು ಕಾರ್ಡನ್ನಷ್ಟೇ ಮೆಟ್ರೊನೋಮ್ ಇಟ್ಟುಕೊಂಡು ಅರ್ಧ ವೇಗದಲ್ಲಿ ತಿರುಗಿಸಿ, ಆರನೇ ಸ್ವರ ಸ್ಪಷ್ಟವಾಗಿ ಕೇಳಿದ ಮೇಲೆ ವೇಗ ಏರಿಸಿ.

ಆರ್ಗನ್ ವಿಷಯ. ಪ್ರೈಸ್ ನುಡಿಸಿದ್ದು ವಾಕ್ಸ್ ಕಾಂಟಿನೆಂಟಲ್, ಟ್ರಾನ್ಸಿಸ್ಟರ್ ಆರ್ಗನ್. ಅದರ ದನಿ ತೀಕ್ಷ್ಣ, ಸ್ವಲ್ಪ ಮೂಗಿನದು. ನಿಮ್ಮ ಕೀಬೋರ್ಡಿನಲ್ಲಿ ‘ರಾಕ್ ಆರ್ಗನ್’ ಎಂದಿರುವುದು ಬಹುಪಾಲು ಹ್ಯಾಮಂಡ್ ಎಂಬ ಬೇರೆ ಆರ್ಗನ್ನಿನ ನಕಲು, ತಿರುಗುವ ಸ್ಪೀಕರಿನ ಅಲೆಯೂ ಜೊತೆಗಿರುತ್ತದೆ. ‘ಕಾಂಬೊ ಆರ್ಗನ್’ ಅಥವಾ ‘ಟ್ರಾನ್ಸಿಸ್ಟರ್ ಆರ್ಗನ್’ ಹುಡುಕಿ, ರೋಟರಿ ಎಫೆಕ್ಟ್ ತೆಗೆಯಿರಿ, ಮೊದಲ ಚರಣದಲ್ಲಿ ನುಡಿಸಲೇ ಬೇಡಿ. ನಿಮ್ಮದೇ ಹೊಂದಿಕೆಯಾದರೆ ಆರ್ಗನ್ನಿನ ಜಾಗಕ್ಕೆ ಹಾರ್ಮೋನಿಯಂ ತರಬಹುದು. ಗಾಯಕಿಯ ತರಬೇತಿಗೂ ಅದೇ ಒಪ್ಪುತ್ತದೆ, ಪ್ರೈಸ್ ಸೋಲೊದ ನೆರಳಿನಿಂದಲೂ ನೀವು ಹೊರಬರುತ್ತೀರಿ.

ಕನ್ನಡ ಚರಣದಲ್ಲಿ ಕಷ್ಟ ಬರುವುದು ಒತ್ತಿನಿಂದ. ಇಂಗ್ಲಿಷಿನ ಸಾಲು ತಾಳದ ಪೆಟ್ಟಿಗಿಂತ ಮುಂಚೆ ಒಂದು ಹಗುರ ಅಕ್ಷರದಿಂದ ಹೊರಡುತ್ತದೆ. ಕನ್ನಡದ ಮಾತಿನಲ್ಲಿ ಒತ್ತು ಬೀಳುವುದು ಮೊದಲ ಅಕ್ಷರಕ್ಕೆ. ಅದನ್ನು ಮರೆತು ಇಂಗ್ಲಿಷಿನ ಅಕ್ಷರ ಎಣಿಸಿ ಕನ್ನಡ ತುಂಬಿದರೆ ಪದದ ನಡುವೆ ಪೆಟ್ಟು ಬಿದ್ದು ಡಬ್ಬಿಂಗ್ ಹಾಡಿನಂತೆ ಕೇಳುತ್ತದೆ. ಇಂಗ್ಲಿಷ್ ಪದ್ಯಗಳನ್ನು ಕನ್ನಡಕ್ಕೆ ತಂದ ಬಿ.ಎಂ.ಶ್ರೀ. ಅವರಿಗೂ ಇದೇ ಸವಾಲು ಎದುರಾಗಿತ್ತು. ಮೂರು ಮಾತ್ರೆಯ ಗಣ ಇಲ್ಲಿ ಸಹಜವಾಗಿ ಕೂರುತ್ತದೆ. ‘ಊರ ತುದಿಗೆ ಮನೆಯದೊಂದು’ ಎಂಬ ಸಾಲನ್ನೇ ತೆಗೆದುಕೊಳ್ಳಿ: ಊರ, ತುದಿಗೆ, ಮನೆಯ, ದೊಂದು, ನಾಲ್ಕು ಗಣ, ನಾಲ್ಕು ಬಾರ್. ಪ್ರತಿ ಗಣದ ಮೊದಲ ಅಕ್ಷರ ಬಾರಿನ ಒಂದನೇ ಎಣಿಕೆಗೆ ಬೀಳಲಿ, ಉಳಿದದ್ದನ್ನು ಎಳೆದು ಹಾಡಲಿ. ಮೂಲದಂತೆ ಪೆಟ್ಟಿಗೆ ಮುಂಚೆ ಹೊರಡಬೇಕೆನಿಸಿದರೆ ಸಾಲಿನ ಹೊರಗೆ ಒಂದು ‘ಓ’ ಸೇರಿಸಿ.

ಕಾಲೇಜು ಉತ್ಸವದಲ್ಲಿ ಹಾಡುವುದಾದರೆ ಟಿಕೆಟ್ ಇದ್ದ ಕಾರ್ಯಕ್ರಮಕ್ಕೆ ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿಯ ಪರವಾನಗಿ ಪಡೆಯುವ ಹೊಣೆ ರೂಢಿಯಲ್ಲಿ ಆಯೋಜಕರದು. ಈ ಒಂದು ಹಾಡಿಗಲ್ಲ, ನೀವು ಹಾಡುವ ಉಳಿದ ಹಾಡುಗಳಿಗಾಗಿ. ಪಟ್ಟಿಯನ್ನು ಮೊದಲೇ ಅವರ ಕೈಗೆ ಕೊಡಿ.

ರೆಕಾರ್ಡಿಂಗಿಗೆ ಹೋಗುವ ಮುನ್ನ ಒಂದು ಹಾಳೆಯಲ್ಲಿ ಬರೆದು ಐವರೂ ಸಹಿ ಹಾಕಿ: ಹೊಂದಿಕೆ ಯಾರು ಯಾರದು, ಕನ್ನಡ ಪದ ಯಾರದು, ಬಂದ ಹಣದಲ್ಲಿ ಯಾರಿಗೆ ಎಷ್ಟು ಪಾಲು, ತಂಡ ಒಡೆದರೆ ಚಾನೆಲ್ಲಿನ ಪಾಸ್‌ವರ್ಡ್ ಯಾರ ಬಳಿ. ಗೆಳೆತನದಲ್ಲಿ ಇದೆಲ್ಲ ಯಾಕೆ ಎನ್ನಿಸುತ್ತದೆ. ನ್ಯೂಕ್ಯಾಸಲಿನ ಐವರಿಗೂ 1964ರಲ್ಲಿ ಹಾಗೆಯೇ ಅನ್ನಿಸಿರಬೇಕು.

ಕೊನೆಯದಾಗಿ ಈಗಿರುವ ಕ್ಲೇಮ್. ಕ್ಲೇಮ್ ಬೇರೆ, ಸ್ಟ್ರೈಕ್ (ಚಾನೆಲ್ಲಿನ ಮೇಲೆ ಬೀಳುವ ಎಚ್ಚರಿಕೆ) ಬೇರೆ. ಕ್ಲೇಮಿನಿಂದ ಸಾಮಾನ್ಯವಾಗಿ ಜಾಹೀರಾತಿನ ಹಣ ಹೋಗುತ್ತದೆ, ಕೆಲವೊಮ್ಮೆ ವಿಡಿಯೊ ಕಾಣದಂತಾಗುತ್ತದೆ, ಚಾನೆಲ್ಲಿಗೆ ಪೆಟ್ಟಿಲ್ಲ. ‘ಜಾನಪದ ಹಾಡು’ ಎಂದು ಸಿಟ್ಟಿನಲ್ಲಿ ತಕರಾರು ಹಾಕಬೇಡಿ. ಅವರು ಕೇಳುತ್ತಿರುವುದು ಹಾಡನ್ನಲ್ಲ, ಟ್ರ್ಯಾಕನ್ನು, ಅದು ಅವರದೇ. ಸೋಲುವ ತಕರಾರನ್ನು ಮುಂದೊಯ್ದರೆ ಅದು ಸ್ಟ್ರೈಕ್ ಆಗಬಹುದು, 90 ದಿನದೊಳಗೆ ಮೂರು ಸ್ಟ್ರೈಕ್ ಬಂದರೆ ಚಾನೆಲ್ಲೇ ಹೋಗುತ್ತದೆ. ಆ ವಿಡಿಯೊವನ್ನು ಅಳಿಸಿ. ಎಲ್ಲ ವಾದ್ಯಗಳನ್ನು ನೀವೇ ನುಡಿಸಿ ಹೊಸದಾಗಿ ಮುದ್ರಿಸಿ, ಪ್ರತಿ ವಾದ್ಯದ ಬಿಡಿ ಫೈಲುಗಳನ್ನು ತಾರೀಖಿನ ಸಮೇತ ಉಳಿಸಿಕೊಳ್ಳಿ. ಅದಕ್ಕೂ ಕ್ಲೇಮ್ ಬಂದರೆ, ಯಾವುದರ ಮೇಲೆ ಬಂದಿದೆ ಎಂದು ಓದಿ. ಯಾರದೋ ಧ್ವನಿಮುದ್ರಣದ ಹೆಸರಿನಲ್ಲಿ ಬಂದಿದ್ದರೆ ಆಗ ಧೈರ್ಯವಾಗಿ ತಕರಾರು ಹಾಕಿ: ಪದ ಮತ್ತು ಧಾಟಿ ಸಾಂಪ್ರದಾಯಿಕ, 1933ರಿಂದ ಧ್ವನಿಮುದ್ರಣದ ದಾಖಲೆಯಿದೆ, ಹೊಂದಿಕೆ ಮತ್ತು ವಾದನ ನಮ್ಮದು ಎಂದು ಮೂರೇ ವಾಕ್ಯ ಬರೆಯಿರಿ. ಉತ್ತರಿಸಲು ಅವರಿಗೆ 30 ದಿನ ಇರುತ್ತದೆ. ಅವರು ನಿರಾಕರಿಸಿದರೆ ಮೇಲ್ಮನವಿ, ಅದಕ್ಕೆ 7 ದಿನ. ಮೇಲ್ಮನವಿಗೆ ಹೋಗುವ ಮುನ್ನ ಮಾತ್ರ ಬಿಡಿ ಫೈಲುಗಳನ್ನು ಮತ್ತೊಮ್ಮೆ ಕೇಳಿ, ಎಲ್ಲೂ ಇಳಿಸಿಕೊಂಡ ಲೂಪ್ ಒಂದೂ ಉಳಿದಿಲ್ಲವೆಂದು ಖಚಿತ ಮಾಡಿಕೊಳ್ಳಿ.